ಅಮ್ಮನ ಜೊತೆ ಬೆಟ್ಟದ ಕಾಡಲ್ಲಿ ಡಬ್ಬಿ ಹುಡುಕೋದು: ಪಿಸ್ಗಾದಲ್ಲಿ ಒಂದು ದಿನದ ಜಿಯೋಕ್ಯಾಶಿಂಗ್

ಊರಿಂದ ಅಪ್ಪನೋ ಅಮ್ಮನೋ ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಬಂದಿದ್ದಾರೆ. ದೇವಸ್ಥಾನ, ಮಾಲು, ಪರಿಚಯದವರ ಮನೆ ಊಟ ಎಲ್ಲ ಒಂದು ಸುತ್ತು ಮುಗಿದಿದೆ. ಇನ್ನು ಎಲ್ಲಿಗೆ ಕರೆದುಕೊಂಡು ಹೋಗೋದು ಅಂತ ನಾರ್ತ್ ಕ್ಯಾರೊಲಿನಾದ ಗೆಳೆಯರು ಕೇಳಿದಾಗೆಲ್ಲ ನಾನು ಹೇಳುವುದು ಒಂದೇ. ಬ್ಲೂ ರಿಜ್ ಬೆಟ್ಟಗಳಲ್ಲಿರುವ ಪಿಸ್ಗಾ ಕಾಡಿಗೆ ಹೋಗಿ. ಸುಮ್ನೆ ನೋಡಿಕೊಂಡು ಬರುವುದಕ್ಕಲ್ಲ, ಜಿಯೋಕ್ಯಾಶಿಂಗ್ ಮಾಡುವುದಕ್ಕೆ.

ಗೊತ್ತಿಲ್ಲದವರಿಗೆ ಎರಡು ಮಾತು. ಯಾರೋ ಒಬ್ಬರು ಕಾಡಲ್ಲೋ ಊರಲ್ಲೋ ಒಂದು ಡಬ್ಬಿ ಅಡಗಿಸಿ ಇಡುತ್ತಾರೆ. ಆ ಜಾಗದ ಅಕ್ಷಾಂಶ, ರೇಖಾಂಶವನ್ನು ಜಿಯೋಕ್ಯಾಶಿಂಗ್ ಆ್ಯಪ್‌ನಲ್ಲಿ ಹಾಕುತ್ತಾರೆ. ನೀವು ಜಿಪಿಎಸ್ ಹಿಡಿದು ಹುಡುಕುತ್ತೀರಿ. ಸಿಕ್ಕಿದರೆ ಒಳಗಿರುವ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದ ಹಾಗೇ ಇಟ್ಟು ಬರುತ್ತೀರಿ. ಇಷ್ಟೇ ಆಟ. ಶುರುವಾದದ್ದು 2000ದ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್‌ಗೆ ಬೇಕಂತಲೇ ತಪ್ಪು ಸೇರಿಸಿ ಕಳಿಸುತ್ತಿತ್ತು. ಅದನ್ನು ನಿಲ್ಲಿಸಿದ ಬೆನ್ನಿಗೇ, ಮೇ 3ರಂದು, ಡೇವ್ ಅಲ್ಮರ್ ಎಂಬುವವರು ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಕಪ್ಪು ಬಕೆಟ್ ಅಡಗಿಸಿ ಇಂಟರ್ನೆಟ್‌ನಲ್ಲಿ ಜಾಗ ಹೇಳಿದರು. ಕೆಲವೇ ದಿನಗಳಲ್ಲಿ ಜನ ಹುಡುಕಿಯೂ ಬಿಟ್ಟರು. ಈಗ ಜಗತ್ತಿನಲ್ಲಿ 30 ಲಕ್ಷಕ್ಕಿಂತ ಜಾಸ್ತಿ ಡಬ್ಬಿಗಳಿವೆ.

ಇದರಲ್ಲಿ ನನಗೆ ಮುಖ್ಯ ಅನ್ನಿಸುವ ವಿಷಯ ಬೇರೆ. ಎಷ್ಟೇ ಒಳ್ಳೆಯ ಫೋನಾದರೂ ನಿಮ್ಮನ್ನು 5ರಿಂದ 10 ಮೀಟರ್ ಹತ್ತಿರಕ್ಕೆ ತಂದು ಬಿಡುತ್ತದೆ, ಅಷ್ಟೇ. ಮುಂದಿನ ಕೆಲಸ ಕಣ್ಣಿನದು. ಮಲೆನಾಡಿನಲ್ಲೋ ಹಳ್ಳಿಯಲ್ಲೋ ಬೆಳೆದ ಅಪ್ಪ ಅಮ್ಮಂದಿರ ಕಣ್ಣು ಇಂಥ ಕೆಲಸಕ್ಕೆ ನಮಗಿಂತ ಎಷ್ಟೋ ಚುರುಕು. ಹಾಗಾಗಿ ಕೊನೆಯ ಹತ್ತು ಮೀಟರ್ ಅವರಿಗೆ ಬಿಡಿ. ಅವರನ್ನು ದಣಿಸದೆ ಆ ಹತ್ತು ಮೀಟರ್‌ವರೆಗೆ ಕರೆದುಕೊಂಡು ಹೋಗುವುದು ನಿಮ್ಮ ಕೆಲಸ. ಇಡೀ ದಿನದ ತಯಾರಿ ಇದೊಂದಕ್ಕೆ.

ಪಿಸ್ಗಾನೇ ಯಾಕೆ

ಬೆಟ್ಟ ಅಂದಕೂಡಲೇ ಎಲ್ಲರೂ ಸ್ಮೋಕಿ ಮೌಂಟನ್ಸ್ ಹೆಸರು ಹೇಳುತ್ತಾರೆ. ಅದು ನ್ಯಾಷನಲ್ ಪಾರ್ಕ್. ನ್ಯಾಷನಲ್ ಪಾರ್ಕ್ ಸರ್ವಿಸ್ ಕೈಯಲ್ಲಿರುವ ಜಾಗಗಳಲ್ಲಿ ಡಬ್ಬಿ ಅಡಗಿಸಿಡಲು ಸಾಮಾನ್ಯವಾಗಿ ಬಿಡುವುದಿಲ್ಲ. 755 ಕಿಲೋಮೀಟರ್ ಉದ್ದದ ಬ್ಲೂ ರಿಜ್ ಪಾರ್ಕ್‌ವೇ ರಸ್ತೆಯೂ ಅವರದ್ದೇ. ಅಲ್ಲಿ ನಿಮಗೆ ಸಿಗುವುದು ಡಬ್ಬಿ ಇಲ್ಲದ ಬಗೆಗಳು. ಅವುಗಳಲ್ಲಿ ಅರ್ಥ್‌ಕ್ಯಾಶ್ ಅನ್ನುವುದು ತುಂಬ ಚೆನ್ನಾಗಿದೆ, ಮುಂದೆ ಹೇಳುತ್ತೇನೆ.

ಪಿಸ್ಗಾ ಮಾತ್ರ ನ್ಯಾಷನಲ್ ಫಾರೆಸ್ಟ್. ಇಲಾಖೆ ಬೇರೆ, ನಿಯಮ ಬೇರೆ. ವೈಲ್ಡರ್‌ನೆಸ್ (ಮನುಷ್ಯರ ಕೈ ಆದಷ್ಟು ತಾಗದಂತೆ ಕಾಪಾಡುವ ಕಾಡು) ಅಂತ ಘೋಷಿಸಿದ ಶೈನಿಂಗ್ ರಾಕ್‌ನಂಥ ಭಾಗಗಳನ್ನು ಬಿಟ್ಟರೆ ಉಳಿದ ಕಡೆ ಡಬ್ಬಿಗಳಿರುತ್ತವೆ. ಈ ಕಾಡಿಗೆ ಒಂದು ಕಥೆಯೂ ಇದೆ. ಇದರಲ್ಲಿ ದೊಡ್ಡ ಪಾಲು ಜಾರ್ಜ್ ವಾಂಡರ್‌ಬಿಲ್ಟ್ ಎಂಬ ಭಾರಿ ಶ್ರೀಮಂತರ ಆಸ್ತಿ ಆಗಿತ್ತು. ಅಮೆರಿಕದ ಮೊದಲ ಅರಣ್ಯ ಶಾಲೆ ಶುರುವಾದದ್ದು ಅವರ ಆಸ್ತಿಯಲ್ಲೇ, 1898ರಲ್ಲಿ. 1914ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಈಡಿತ್ ಸುಮಾರು 87 ಸಾವಿರ ಎಕರೆಯನ್ನು ಸರ್ಕಾರಕ್ಕೆ ಮಾರಿದರು, ಎಕರೆಗೆ 5 ಡಾಲರ್ ಲೆಕ್ಕದಲ್ಲಿ. ಕಾರಲ್ಲಿ ಹೋಗುವಾಗ ಇದನ್ನು ಅಪ್ಪನಿಗೆ ಹೇಳಿ. ಜಮೀನಿನ ರೇಟಿನ ಮಾತು ಬಂದರೆ ದಾರಿ ಸವೆದದ್ದೇ ಗೊತ್ತಾಗುವುದಿಲ್ಲ.

ಶಾರ್ಲೆಟ್‌ನಿಂದ ಬ್ರೆವರ್ಡ್ ಊರಿಗೆ ಸುಮಾರು ಎರಡೂವರೆ ಗಂಟೆ. ಕ್ಯಾರಿ, ರಾಲಿ ಕಡೆಯಿಂದ ಬರುವವರು ಹಿಂದಿನ ರಾತ್ರಿ ಬ್ರೆವರ್ಡ್‌ನಲ್ಲೇ ಉಳಿಯಿರಿ. ಒಂದೇ ದಿನದಲ್ಲಿ ಹೋಗಿ ಬರುತ್ತೇವೆ ಅಂದರೆ ವಯಸ್ಸಾದವರ ಸೊಂಟಕ್ಕೆ ಅದು ಶಿಕ್ಷೆ.

ಹಿಂದಿನ ವಾರ: ಡಬ್ಬಿ ಆರಿಸುವುದು

ದಿನ ಚೆನ್ನಾಗಿ ಹೋಗುತ್ತದೋ ಇಲ್ಲವೋ ಅನ್ನುವುದು ಅರ್ಧಕ್ಕಿಂತ ಜಾಸ್ತಿ ಇಲ್ಲೇ ತೀರ್ಮಾನ ಆಗುತ್ತದೆ. ಆ್ಯಪ್‌ನಲ್ಲಿ ಪ್ರತಿ ಡಬ್ಬಿಗೂ ಎರಡು ಅಂಕ ಇರುತ್ತವೆ. ಹುಡುಕುವುದು ಎಷ್ಟು ಕಷ್ಟ ಅನ್ನುವುದು ಒಂದು, ಅಲ್ಲಿಗೆ ತಲುಪುವ ನೆಲ ಎಷ್ಟು ಕಷ್ಟ ಅನ್ನುವುದು ಇನ್ನೊಂದು. ಎರಡೂ 1ರಿಂದ 5ರವರೆಗೆ, ಅರ್ಧರ್ಧ ಅಂಕದಲ್ಲಿ ಏರುತ್ತವೆ. ನೆಲದ ಅಂಕ 1 ಅಂದರೆ ಗಾಲಿಕುರ್ಚಿಯಲ್ಲಿ ಕೂತವರೂ ತಲುಪಬಹುದು. 5 ಅಂದರೆ ಹಗ್ಗವೋ ದೋಣಿಯೋ ಬೇಕು. ಅರವತ್ತು ದಾಟಿದ, ಮಂಡಿ ಪರವಾಗಿಲ್ಲ ಅನ್ನುವ ಅಮ್ಮನಿಗೆ ನೆಲದ ಅಂಕ 2 ದಾಟಬೇಡಿ. ಹುಡುಕುವ ಕಷ್ಟದ ಅಂಕ ಮಾತ್ರ ಸ್ವಲ್ಪ ಜಾಸ್ತಿ ಇದ್ದರೂ ಇರಲಿ, 2 ಅಥವಾ 2.5. ಅದು ಅವರ ಕ್ಷೇತ್ರ.

ಗಾತ್ರವನ್ನೂ ನೋಡಿ. ಮೈಕ್ರೋ ಅಂದರೆ 100 ಮಿಲಿಲೀಟರ್‌ಗಿಂತ ಚಿಕ್ಕದು, ಹಳೆಯ ಕ್ಯಾಮೆರಾ ರೀಲಿನ ಡಬ್ಬಿಯಷ್ಟು. ಅದರಲ್ಲಿ ಚೀಟಿ ಬಿಟ್ಟು ಬೇರೇನೂ ಇರುವುದಿಲ್ಲ. ಮೊದಲ ಸಲ ಬರುವವರಿಗೆ ಇದು ಸಪ್ಪೆ. ಸ್ಮಾಲ್ ಒಂದು ಲೀಟರ್‌ವರೆಗೆ, ರೆಗ್ಯುಲರ್ 20 ಲೀಟರ್‌ವರೆಗೆ. ಮುಚ್ಚಳ ತೆಗೆದು ಒಳಗೆ ಏನಿದೆ ಅಂತ ನೋಡುವ ಖುಷಿ ಇರುವುದು ರೆಗ್ಯುಲರ್‌ನಲ್ಲಿ. ಬಗೆಗಳಲ್ಲಿ ಟ್ರೆಡಿಷನಲ್ ಅನ್ನುವುದನ್ನೇ ಆರಿಸಿ, ಅದರಲ್ಲಿ ಕೊಟ್ಟ ಜಾಗದಲ್ಲೇ ಡಬ್ಬಿ ಇರುತ್ತದೆ. ಮಲ್ಟಿ ಅಂದರೆ ಒಂದು ಜಾಗದಿಂದ ಇನ್ನೊಂದಕ್ಕೆ ಅಲೆದಾಟ. ಮಿಸ್ಟರಿ ಅಂದರೆ ಮೊದಲು ಒಗಟು ಬಿಡಿಸಬೇಕು.

ಆಮೇಲೆ ಲಾಗ್ ಓದಿ, ಅಂದರೆ ಮುಂಚೆ ಹುಡುಕಿದವರು ಆ್ಯಪ್‌ನಲ್ಲಿ ಬರೆದಿಟ್ಟ ಟಿಪ್ಪಣಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಈ ಬೆಟ್ಟಗಳನ್ನು ನುಂಗಿ ನೀರು ಕುಡಿಯಿತು. ರಸ್ತೆ ಕೊಚ್ಚಿಹೋಯಿತು, ಲೆಕ್ಕವಿಲ್ಲದಷ್ಟು ಮರ ಉರುಳಿದವು. ಹೊಳೆ ಪಕ್ಕದ ಡಬ್ಬಿಗಳ ಗತಿ ಕೇಳಬೇಕೇ? ಆದ್ದರಿಂದ ಕಳೆದ ಎರಡು ಮೂರು ತಿಂಗಳಲ್ಲಿ ಯಾರಾದರೂ 'ಸಿಕ್ಕಿತು' ಅಂತ ಬರೆದಿರುವ ಡಬ್ಬಿಗಳನ್ನು ಮಾತ್ರ ಪಟ್ಟಿಗೆ ಸೇರಿಸಿ. ಸಾಲಾಗಿ ಮೂವರು 'ಸಿಗಲಿಲ್ಲ' ಅಂದಿದ್ದರೆ ಅದು ಅಲ್ಲಿಲ್ಲ ಅಂತಲೇ ತಿಳಿಯಿರಿ. ಹಾಗೆಯೇ ಅರಣ್ಯ ಇಲಾಖೆಯ ಮತ್ತು ಪಾರ್ಕ್‌ವೇಯ ಪುಟಗಳಲ್ಲಿ ಯಾವ ದಾರಿ ಮುಚ್ಚಿದೆ ಅಂತ ಹೊರಡುವ ಹಿಂದಿನ ದಿನ ನೋಡಿಕೊಳ್ಳಿ.

ಎಷ್ಟು ಡಬ್ಬಿ? ಮೂರು ಸಾಕು. ನಾಲ್ಕನೆಯದು ಜೇಬಲ್ಲಿರಲಿ, ಶಕ್ತಿ ಉಳಿದಿದ್ದರೆ ನೋಡೋಣ. ಒಂದು ಡಬ್ಬಿಗೂ ಇನ್ನೊಂದಕ್ಕೂ ಕನಿಷ್ಠ 161 ಮೀಟರ್ ದೂರ ಇರಬೇಕು ಅನ್ನುವುದು ಆಟದ ನಿಯಮ. ಅಂದರೆ ಅಷ್ಟಷ್ಟು ದೂರಕ್ಕೇ ಒಂದೊಂದು ಇರಬಹುದು. ನಕ್ಷೆಯಲ್ಲಿ ಒತ್ತೊತ್ತಾಗಿ ಕಾಣುವ ಡಬ್ಬಿಗಳನ್ನು ನೋಡಿ ದಿನಕ್ಕೆ ಇಪ್ಪತ್ತು ಹುಡುಕಿಬಿಡೋಣ ಅನ್ನಿಸುತ್ತದೆ. ಅಪ್ಪ ಅಮ್ಮ ಜೊತೆಗಿರುವ ದಿನ ಆ ಆಸೆ ಬೇಡ. ಮೊದಲನೆಯದು ಕಾರು ನಿಲ್ಲಿಸುವ ಜಾಗದಿಂದ ಕೂಗಳತೆಯಲ್ಲಿರಲಿ. ಬೇಗ ಒಂದು ಸಿಕ್ಕಿತು ಅಂದರೆ 'ಇದೇನು ಹುಚ್ಚಾಟ' ಅನ್ನುತ್ತಿದ್ದವರು 'ಮುಂದಿನದು ಎಲ್ಲಿ?' ಅಂತ ಕೇಳುತ್ತಾರೆ.

ಹಿಂದಿನ ದಿನ: ಫೋನು, ಚೀಟಿ, ಬುತ್ತಿ

ಕಾಡಿನೊಳಗೆ ಹೋದ ಸ್ವಲ್ಪ ಹೊತ್ತಿಗೆ ಸಿಗ್ನಲ್ ಹೋಗುತ್ತದೆ. ಜಿಪಿಎಸ್‌ಗೆ ಸಿಗ್ನಲ್ ಬೇಡ, ಆದರೆ ನಕ್ಷೆ ಮತ್ತು ಡಬ್ಬಿಯ ವಿವರಕ್ಕೆ ಬೇಕು. ಹಣ ಕೊಟ್ಟ ಖಾತೆ ಇದ್ದರೆ ಆ್ಯಪ್‌ನಲ್ಲೇ ಪಟ್ಟಿ ಇಳಿಸಿಕೊಳ್ಳಬಹುದು. ಇಲ್ಲದಿದ್ದರೆ ಪ್ರತಿ ಡಬ್ಬಿಯ ವಿವರ, ಸುಳಿವು, ಕೊನೆಯ ನಾಲ್ಕೈದು ಲಾಗ್ ಇವುಗಳ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಗೂಗಲ್ ಮ್ಯಾಪ್‌ನಲ್ಲಿ ಬ್ರೆವರ್ಡ್ ಸುತ್ತಲಿನ ಭಾಗವನ್ನು ಆಫ್‌ಲೈನ್‌ಗೆ ಇಳಿಸಿ.

ಅಕ್ಷಾಂಶ ಬರೆಯುವ ರೀತಿಯಲ್ಲಿ ಎಚ್ಚರ ಬೇಕು. ಈ ಆಟದಲ್ಲಿ ಡಿಗ್ರಿ, ಆಮೇಲೆ ಮಿನಿಟ್, ಮಿನಿಟಿಗೆ ಮೂರು ದಶಮಾಂಶ ಅಂತ ಬರೆಯುತ್ತಾರೆ. ಉದಾಹರಣೆಗೆ ಉತ್ತರ 35° 17.780. ಇದನ್ನೇ ಅವಸರದಲ್ಲಿ 35.1778 ಅಂತ ಮ್ಯಾಪ್‌ಗೆ ಹಾಕಿದರೆ ಹದಿಮೂರು ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ನಿಲ್ಲುತ್ತೀರಿ. ಮಿನಿಟನ್ನು 60ರಿಂದ ಭಾಗಿಸಿದಾಗಲೇ ಸರಿಯಾದ 35.2963 ಬರುವುದು. ರೇಖಾಂಶ ಪಶ್ಚಿಮದ್ದು, ಅದಕ್ಕೆ ಮೈನಸ್ ಗುರುತು ಮರೆಯಬಾರದು.

ಇನ್ನು ನಾನು ತಪ್ಪದೆ ಮಾಡುವ ಒಂದು ಕೆಲಸ. ಡಬ್ಬಿ ಇಟ್ಟವರು ಕೊಟ್ಟ ಸುಳಿವು ಇಂಗ್ಲಿಷ್‌ನಲ್ಲಿರುತ್ತದೆ. ಅದನ್ನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಒಂದೊಂದು ಚೀಟಿಗೆ ಬರೆದು ಅಮ್ಮನ ಕೈಗೆ ಕೊಡುತ್ತೇನೆ. 'ಜೋಡಿ ಮರ, ಬುಡದಲ್ಲಿ, ಹೊಳೆಗೆ ಬೆನ್ನು ಹಾಕಿದ ಕಡೆ' ಅಂತ. ಫೋನು ನನ್ನ ಹತ್ತಿರ, ಸುಳಿವು ಅವರ ಹತ್ತಿರ. ಆಗ ಅವರು ಮಗನ ಹಿಂದೆ ನಡೆಯುವವರಾಗಿ ಉಳಿಯುವುದಿಲ್ಲ, ಆಟಕ್ಕೆ ಇಳಿದಿರುತ್ತಾರೆ. ಓದುವ ಕನ್ನಡಕ ಕಾರಲ್ಲೇ ಉಳಿಯದ ಹಾಗೆ ನೋಡಿಕೊಳ್ಳಿ.

ಬಟ್ಟೆ ವಿಷಯಕ್ಕೆ ಬಂದರೆ ಈ ದಿನ ಸೀರೆ ಬೇಡ. ಮುಳ್ಳು, ಕೆಸರು, ಉಣುಗು ಮೂರಕ್ಕೂ ಪ್ಯಾಂಟೇ ಸರಿ. ತಿಳಿ ಬಣ್ಣದ ಪ್ಯಾಂಟು, ಅದರ ತುದಿ ಕಾಲುಚೀಲದೊಳಗೆ, ಜಾರದ ಅಡಿ ಇರುವ ಶೂ. ಕೈಗೆ ಒಂದು ಊರುಗೋಲು. ಶರತ್ಕಾಲದಲ್ಲಿ ಹೋದರೆ ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೀಟು ಹಾಕಿಸಿ, ಯಾಕೆಂದರೆ ಪಿಸ್ಗಾದಲ್ಲಿ ಬೇಟೆಗೆ ಅನುಮತಿ ಇದೆ. ಮಳೆಕೋಟು ಯಾವಾಗಲೂ ಇರಲಿ. ಬ್ರೆವರ್ಡ್ ಇರುವ ಟ್ರಾನ್ಸಿಲ್ವೇನಿಯಾ ಕೌಂಟಿ ಅಮೆರಿಕದ ಪೂರ್ವ ಭಾಗದಲ್ಲೇ ಜಾಸ್ತಿ ಮಳೆ ಬೀಳುವ ಜಾಗಗಳಲ್ಲಿ ಒಂದು. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ. ಹಾಗಾಗಿ ನಡೆಯುವ ಕೆಲಸವೆಲ್ಲ ಊಟಕ್ಕೆ ಮೊದಲು ಮುಗಿಯಬೇಕು.

ಬುತ್ತಿಗೆ ಚಿತ್ರಾನ್ನ, ಮೊಸರನ್ನ, ಚಪಾತಿ. ಅಮ್ಮನ ಬಿಪಿ, ಶುಗರ್ ಮಾತ್ರೆ ಒಂದು ಹೊತ್ತಿನದ್ದು ಜಾಸ್ತಿಯೇ ಇರಲಿ. ವಿಸಿಟರ್ ಇನ್ಶೂರೆನ್ಸ್ ಕಾರ್ಡಿನ ಫೋಟೋ ಫೋನಿನಲ್ಲಿರಲಿ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಇರುವವರಿಗೆ ಬರೆದು ಕೊಡಿ. ಐಫೋನ್ 14 ಅಥವಾ ಅದಕ್ಕಿಂತ ಹೊಸದಿದ್ದರೆ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವ ಸೌಲಭ್ಯವಿದೆ, ಮನೆಯಲ್ಲೇ ಅದರ ಡೆಮೋ ನೋಡಿಕೊಂಡಿರಿ.

ಡಬ್ಬಿಯಲ್ಲಿ ಇಡಲು ಏನಾದರೂ ಒಯ್ಯಬೇಕು. ಒಂದು ವಸ್ತು ತೆಗೆದುಕೊಂಡರೆ ಅಷ್ಟೇ ಬೆಲೆಯದ್ದೋ ಹೆಚ್ಚಿನದ್ದೋ ಇಡಬೇಕು ಅನ್ನುವುದು ರೂಢಿ. ಇದನ್ನು ಅಮ್ಮನಿಗೆ ಮೊದಲೇ ಹೇಳಿದರೆ ಸೂಟ್‌ಕೇಸಿನಿಂದ ಏನೇನೋ ಹೊರಗೆ ಬರುತ್ತದೆ. ಚನ್ನಪಟ್ಟಣದ ಪುಟ್ಟ ಬುಗುರಿ, ಹತ್ತು ರೂಪಾಯಿ ನಾಣ್ಯ, ಮಣಿ ಪೋಣಿಸಿದ ಕೀ ಗೊಂಚಲು, ಇವೆಲ್ಲ ಚಿನ್ನದಂಥ ವಸ್ತುಗಳು. ಆದರೆ ತಿಂಡಿ ಬೇಡ, ಊದುಬತ್ತಿ ಬೇಡ, ಗಂಧದ ಸೋಪೂ ಬೇಡ. ವಾಸನೆ ಬರುವುದು ಏನಿದ್ದರೂ ಕರಡಿ, ರಕೂನ್, ಇಲಿ ಬಂದು ಡಬ್ಬಿ ಒಡೆಯುತ್ತವೆ. ಚಾಕು, ಬೆಂಕಿಪೊಟ್ಟಣವೂ ಇಡಬಾರದು. ಚೀಟಿಗೆ ಬರೆಯಲು ಎರಡು ಪೆನ್ನು ಇಟ್ಟುಕೊಳ್ಳಿ, ಡಬ್ಬಿಯೊಳಗೆ ಪೆನ್ನು ಇರುವುದೇ ಅಪರೂಪ.

ಬೆಳಗ್ಗೆ

ಏಳರ ಒಳಗೆ ಹೊರಡಿ. ಅಕ್ಟೋಬರ್‌ನಲ್ಲಿ ಎಲೆ ಬಣ್ಣ ತಿರುಗುವ ಹೊತ್ತಿನ ಶನಿವಾರ ಭಾನುವಾರ ಕಾರು ನಿಲ್ಲಿಸಲು ಜಾಗವೇ ಸಿಗುವುದಿಲ್ಲ, ಆಗ ವಾರದ ನಡುವೆ ಒಂದು ರಜೆ ಹಾಕುವುದು ಮೇಲು. ಮೇ ಮತ್ತು ಸೆಪ್ಟೆಂಬರ್ ತಿಂಗಳು ನನಗೆ ಇಷ್ಟ. 276ನೇ ಹೆದ್ದಾರಿ ಕಾಡಿಗೆ ತಿರುಗುವ ಮೊದಲೇ ಪೆಟ್ರೋಲ್ ತುಂಬಿಸಿ, ನೀರು ತೆಗೆದುಕೊಳ್ಳಿ. ಒಳಗೆ ಹೋದ ಕೂಡಲೇ ರೇಂಜರ್ ಸ್ಟೇಷನ್ನಿನ ವಿಸಿಟರ್ ಸೆಂಟರ್ ಸಿಗುತ್ತದೆ. ಅಲ್ಲಿ ನಿಲ್ಲಿಸಿ. ಶೌಚಾಲಯ ಮಾತ್ರ ಅಲ್ಲ, ಯಾವ ದಾರಿ ಇವತ್ತು ಹೇಗಿದೆ ಅಂತ ಕೌಂಟರಿನಲ್ಲಿ ಕೇಳಿದರೆ ನೇರವಾಗಿ ಹೇಳುತ್ತಾರೆ. ಅಲ್ಲಿಂದ ಮುಂದೆ ರಸ್ತೆ ಹೊಳೆಯ ಪಕ್ಕ ಸುತ್ತಿ ಸುತ್ತಿ ಏರುತ್ತದೆ. ಆಗುಂಬೆ ಘಾಟಿಯಲ್ಲಿ ಹೊಟ್ಟೆ ತೊಳೆಸುವವರಿಗೆ ಇಲ್ಲೂ ತೊಳೆಸುತ್ತದೆ. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಬಾಯಿಗೆ ಒಣಶುಂಠಿಯ ಚೂರು ಕೊಡಿ.

ಬಾಣದ ಹಿಂದೆ ಹೋಗಬೇಡಿ, ದಾರಿಯ ಹಿಂದೆ ಹೋಗಿ

ಆ್ಯಪ್ ತೋರಿಸುವ ಬಾಣಕ್ಕೆ ಬೆಟ್ಟ ಗೊತ್ತಿಲ್ಲ. 200 ಮೀಟರ್ ಅಂತ ತೋರಿಸುತ್ತಿರುತ್ತದೆ, ನಡುವೆ ಕಣಿವೆಯೊಂದು ಬಾಯಿ ತೆರೆದಿರುತ್ತದೆ. ದಾರಿಯಲ್ಲೇ ನಡೆಯಿರಿ. ದಾರಿ ತಿರುಗಿದಾಗ ಅಂತರ ಜಾಸ್ತಿಯಾದರೂ ಗಾಬರಿ ಬೇಡ, ಮತ್ತೆ ಕಡಿಮೆಯಾಗುತ್ತದೆ. ಇಷ್ಟು ನೋಡಿಕೊಂಡರೆ ಸಾಕು: ಅಂತರ ಅತಿ ಕಡಿಮೆಯಾಗಿ, ಮತ್ತೆ ಏರಲು ಶುರುವಾಗುವ ಜಾಗ ಯಾವುದು? ದಾರಿ ಬಿಟ್ಟು ಒಳಗೆ ಇಳಿಯಬೇಕಾದ್ದು ಅಲ್ಲೇ. ಸಾಮಾನ್ಯವಾಗಿ ಅಲ್ಲಿ ನಿಮಗಿಂತ ಮುಂಚೆ ಬಂದವರ ಕಾಲು ತುಳಿದ ಸಣ್ಣ ಜಾಡು ಕಾಣುತ್ತದೆ. ಆ ಜಾಡನ್ನು ಮೊದಲು ಗುರುತಿಸುವುದು ನಿಮ್ಮ ಅಪ್ಪನೋ ಅಮ್ಮನೋ, ಬೇಕಾದರೆ ನೋಡಿ.

ಈ ಕಾಡಿನ ಕೊರಕಲುಗಳಲ್ಲಿ ರೋಡೋಡೆಂಡ್ರನ್ ಪೊದೆ ದಟ್ಟವಾಗಿರುತ್ತದೆ. ಅದರ ಕೆಳಗೆ ಜಿಪಿಎಸ್ ತಡಬಡಾಯಿಸುತ್ತದೆ, ಬಾಣ ಒಮ್ಮೆ ಅತ್ತ ಒಮ್ಮೆ ಇತ್ತ. ಅಂಥ ಕಡೆ ಫೋನನ್ನು ಒಂದು ಬಂಡೆಯ ಮೇಲೆ ಇಟ್ಟು ಒಂದೆರಡು ನಿಮಿಷ ಬಿಡಿ, ಅಂಕಿ ನಿಲ್ಲುತ್ತದೆ. 10 ಮೀಟರ್ ಒಳಗೆ ಬಂದಿದ್ದೀರಿ ಅಂತಾದರೆ ಫೋನು ಜೇಬಿಗೆ.

ಕೊನೆಯ ಹತ್ತು ಮೀಟರ್

ಇಲ್ಲಿ ನೀವು ಸುಮ್ಮನಿರಬೇಕು. 'ಅಲ್ಲಿ ನೋಡಿ, ಇಲ್ಲಿ ನೋಡಿ' ಅನ್ನಬೇಡಿ. ನೀವು ಇಂಟರ್ನೆಟ್‌ನಲ್ಲಿ ಫೋಟೋ ನೋಡಿ ಡಬ್ಬಿ ಎಲ್ಲಿದೆ ಅಂತ ಗೊತ್ತು ಮಾಡಿಕೊಂಡಿದ್ದರಂತೂ ಬಾಯಿಗೆ ಬೀಗ.

ಮೂರ್ನಾಲ್ಕು ವಿಷಯ ಮಾತ್ರ ಮೊದಲೇ ಹೇಳಿಕೊಡಿ. ಡಬ್ಬಿಯನ್ನು ಹೂತಿಡುವಂತಿಲ್ಲ, ಹಾಗಾಗಿ ಅಗೆಯುವ ಮಾತೇ ಇಲ್ಲ. ಮರದ ಪೊಟರೆ, ಬಿದ್ದ ದಿಮ್ಮಿಯ ಕೆಳಗೆ, ಬಂಡೆಯ ಸಂದು, ಬೇರಿನ ನಡುವೆ, ಇವೇ ಜಾಗಗಳು. ತಾನಾಗಿ ಬಿದ್ದ ಕಡ್ಡಿಗಳು ಅಡ್ಡಾದಿಡ್ಡಿ ಇರುತ್ತವೆ. ಮನುಷ್ಯ ಇಟ್ಟದ್ದು ಒಂದೇ ದಿಕ್ಕಿಗೆ, ಒಂದೇ ಉದ್ದಕ್ಕೆ ಇರುತ್ತದೆ. ಕಲ್ಲೂ ಅಷ್ಟೇ, ಪಾಚಿ ಇರುವ ಮುಖ ಕೆಳಗೆ ಆಗಿದ್ದರೆ ಯಾರೋ ಮಗುಚಿದ್ದಾರೆ ಅಂತ ಲೆಕ್ಕ.

ನನ್ನ ಅಮ್ಮ ತೀರ್ಥಹಳ್ಳಿ ಕಡೆಯವರು. ಚಿಕ್ಕಂದಿನಲ್ಲಿ ಕೊಟ್ಟಿಗೆಗೆ ಹಾಸಲು ಕಾಡಿನಿಂದ ದರಗು ಗುಡಿಸಿ ಹೊತ್ತು ತಂದವರು. ಇಲ್ಲಿ ಒಂದು ಡಬ್ಬಿಯ ಹತ್ತಿರ ನಾನು ಬಂಡೆಯ ಸಂದುಗಳಲ್ಲಿ ಟಾರ್ಚ್ ಬಿಟ್ಟು ನೋಡುತ್ತಿದ್ದೆ. ಅವರು ಕೋಲೂರಿ ನಿಂತಲ್ಲೇ ನಿಂತು ನೆಲ ನೋಡುತ್ತಿದ್ದರು. ಆಮೇಲೆ ಒಂದು ಮರದ ಬುಡ ತೋರಿಸಿ, "ಇದು ಯಾರೋ ತುಂಬಿದ್ದು ಕಣೋ. ಈ ಎಲೆ ಈ ಮರದ್ದಲ್ಲ" ಅಂದರು. ನೋಡಿದರೆ ಹೌದು. ಸುತ್ತ ನೆಲವೆಲ್ಲ ರೋಡೋಡೆಂಡ್ರನ್ನಿನ ಉದ್ದನೆಯ ದಪ್ಪ ಎಲೆ. ಆ ಪೊಟರೆಯ ಬಾಯಲ್ಲಿ ಮಾತ್ರ ಓಕ್ ಮರದ ಎಲೆ, ಅದೂ ಒತ್ತಿ ಒತ್ತಿ ಇಟ್ಟದ್ದು. ಎಲೆ ಸರಿಸಿದರೆ ಸೈನ್ಯದವರು ಗುಂಡು ತುಂಬಿಡುವ ಹಸಿರು ಬಣ್ಣದ ತಗಡಿನ ಪೆಟ್ಟಿಗೆ. ಇಂಥ ಪೆಟ್ಟಿಗೆ ಈ ಆಟದಲ್ಲಿ ತುಂಬ ಬಳಸುತ್ತಾರೆ, ಒಳಗೆ ಒಂದು ಹನಿ ನೀರು ಹೋಗುವುದಿಲ್ಲ. ಅಮ್ಮ ಬಗ್ಗಿ ಕೊಂಡಿ ಎತ್ತಿ ಮುಚ್ಚಳ ತೆಗೆದರು. ಚೀಟಿ ಪುಸ್ತಕದಲ್ಲಿ ತಮ್ಮ ಹೆಸರನ್ನು ಕನ್ನಡದಲ್ಲೇ ಬರೆದರು, ಕೆಳಗೆ ಊರಿನ ಹೆಸರು, ತಾರೀಖು. ಬರೆಯಲು ತೆಗೆದುಕೊಂಡ ಹೊತ್ತು ಹುಡುಕಲು ತೆಗೆದುಕೊಂಡದ್ದಕ್ಕಿಂತ ಜಾಸ್ತಿ. ವಾಪಸ್ ಇಡುವಾಗ ಅದೇ ಓಕ್ ಎಲೆಗಳನ್ನು ತುಂಬಲು ಹೊರಟ ನನ್ನನ್ನು ತಡೆದು, ಸುತ್ತಲಿನ ಎಲೆ ತಂದು ಮುಚ್ಚಿಸಿದರು. ಮುಂದೆ ಬರುವವರಿಗೆ ಸ್ವಲ್ಪ ಕಷ್ಟವಾಗಿರಬೇಕು!

ಚೀಟಿಯಲ್ಲಿ ಯಾವ ಲಿಪಿಯಲ್ಲಿ ಬೇಕಾದರೂ ಬರೆಯಬಹುದು. ನಿಮ್ಮ ಆ್ಯಪ್ ಖಾತೆಯ ಹೆಸರನ್ನು ಮಾತ್ರ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ, ಡಬ್ಬಿಯ ಯಜಮಾನರು ತಾಳೆ ನೋಡುವುದು ಅದನ್ನು.

ಇಪ್ಪತ್ತು ನಿಮಿಷ ಹುಡುಕಿಯೂ ಸಿಗದಿದ್ದರೆ ಬಿಡಿ. ಬೆನ್ನು ಬಗ್ಗಿಸಿ ಹುಡುಕುವುದು ನಡೆಯುವುದಕ್ಕಿಂತ ಜಾಸ್ತಿ ದಣಿಸುತ್ತದೆ. ಆ್ಯಪ್‌ನಲ್ಲಿ 'ಸಿಗಲಿಲ್ಲ' ಅಂತ ಬರೆಯಿರಿ, ಅದರಿಂದ ಮುಂದಿನವರಿಗೆ ಉಪಯೋಗ.

ಕೈ ಹಾಕುವ ಮುಂಚೆ

ಪೊಟರೆಗೆ, ಸಂದಿಗೆ ಕೈಗಿಂತ ಮೊದಲು ಕೋಲು ಹೋಗಬೇಕು. ಈ ಕಾಡಲ್ಲಿ ಕಾಪರ್‌ಹೆಡ್ ಮತ್ತು ಟಿಂಬರ್ ರ‍್ಯಾಟಲ್ ಅನ್ನುವ ಎರಡು ವಿಷದ ಹಾವುಗಳಿವೆ. ಇದನ್ನು ಹಳ್ಳಿಯಿಂದ ಬಂದವರಿಗೆ ಹೇಳಿಕೊಡಬೇಕಾಗಿಲ್ಲ, ನಿಮ್ಮ ಮಕ್ಕಳಿಗೆ ಹೇಳಬೇಕು.

ಪಾಯ್ಸನ್ ಐವಿ ಮಾತ್ರ ಹೊಸದು, ಚೆನ್ನಾಗಿ ತೋರಿಸಿಕೊಡಿ. ಒಂದು ತೊಟ್ಟಿಗೆ ಮೂರು ಎಲೆ, ನಡುವಿನ ಎಲೆಯ ತೊಟ್ಟು ಉದ್ದ. ಬಳ್ಳಿಯಾಗಿ ಮರ ಹತ್ತಿದ್ದರೆ ಕಾಂಡದ ತುಂಬ ಕೂದಲಿನಂಥ ಬೇರು. ಮುಟ್ಟಿದರೆ ಒಂದೆರಡು ದಿನದಲ್ಲಿ ತುರಿಕೆ, ಗುಳ್ಳೆ. ಅಮ್ಮನಿಗೆ ಅರ್ಥ ಮಾಡಿಸಲು ಒಂದೇ ವಾಕ್ಯ ಸಾಕು: ಇದು ಗೇರಿನ ಜಾತಿಯದ್ದು. ನಿಜಕ್ಕೂ ಗೇರು, ಮಾವು, ನಮ್ಮ ಕಾಡಿನ ಹೊಳೆಗೇರು ಇವೆಲ್ಲ ಇರುವ ಕುಟುಂಬಕ್ಕೇ ಇದೂ ಸೇರಿದ್ದು. ಹೊಳೆಗೇರಿನ ಸೊನೆ ತಾಗಿ ಮೈ ಊದಿಸಿಕೊಂಡವರನ್ನು ಕಂಡ ಮಲೆನಾಡಿನವರು ಆಮೇಲೆ ಮೂರೆಲೆ ಕಂಡಲ್ಲೆಲ್ಲ ನಿಮ್ಮನ್ನೇ ಎಳೆದು ನಿಲ್ಲಿಸುತ್ತಾರೆ. ಅಪ್ಪಿತಪ್ಪಿ ತಾಗಿದರೆ ಬೇಗನೆ ಸೋಪು ಹಚ್ಚಿ ತಣ್ಣೀರಲ್ಲಿ ತೊಳೆಯಬೇಕು.

ಇಲ್ಲಿ ಇಂಬಳದ ಕಾಟ ಇಲ್ಲ. ಅದರ ಬದಲು ಉಣುಗು ಇದೆ. ಮಂಗನ ಕಾಯಿಲೆಯ ಊರಿಂದ ಬಂದವರಿಗೆ ಉಣುಗು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯ ಉಣುಗಿನಿಂದ ಲೈಮ್ ಕಾಯಿಲೆಯೂ ಸ್ಪಾಟೆಡ್ ಫೀವರ್ ಅನ್ನುವ ಜ್ವರವೂ ಬರುತ್ತವೆ. ಬಟ್ಟೆಗೆ ಪರ್ಮೆಥ್ರಿನ್ ಅನ್ನುವ ಕೀಟನಾಶಕವನ್ನು ಹಿಂದಿನ ದಿನವೇ ಹೊಡೆದು ಒಣಗಿಸಿ, ಮೈಗೆ ಡೀಟ್ ಅಥವಾ ಪಿಕಾರಿಡಿನ್ ಇರುವ, ಕೀಟ ಹತ್ತಿರ ಬಾರದ ಹಾಗೆ ಮಾಡುವ ಔಷಧ ಹಚ್ಚಿ.

ಹೊಳೆಯೊಳಗಿನ ಕಲ್ಲು ಎತ್ತಬೇಡಿ, ಕಲ್ಲು ಪೇರಿಸಿ ಗೋಪುರ ಕಟ್ಟಬೇಡಿ. ಪಿಸ್ಗಾ ಸೇರಿದ ದಕ್ಷಿಣ ಅಪಲಾಚಿಯನ್ ಬೆಟ್ಟಗಳಲ್ಲಿ ಇರುವಷ್ಟು ಬಗೆಯ ಸಲಮಾಂಡರ್‌ಗಳು (ಹಲ್ಲಿಯಂತೆ ಕಾಣುವ, ಕಪ್ಪೆಯ ಬಳಗದ ಪ್ರಾಣಿ) ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಅವುಗಳ ಮನೆ ಆ ಕಲ್ಲಿನ ಅಡಿಯಲ್ಲೇ. ಎಲೆಯಿಲ್ಲದೆ ಒಣಗಿ ನಿಂತ ದೊಡ್ಡ ಹೆಮ್ಲಾಕ್ ಮರಗಳ ಕೆಳಗೆ ಊಟಕ್ಕೆ ಕೂರಬೇಡಿ. ಒಂದು ಸಣ್ಣ ಕೀಟ ಆ ಮರಗಳನ್ನು ಸಾಲುಸಾಲಾಗಿ ಕೊಂದಿದೆ, ಗಾಳಿ ಬಂದರೆ ಕೊಂಬೆ ಬೀಳುತ್ತದೆ.

ಕರಡಿ ಕಂಡರೆ ಓಡಬೇಡಿ. ಇಲ್ಲಿಯದು ಕಪ್ಪು ಕರಡಿ. ಅಮ್ಮನ ಕೈ ಹಿಡಿದು, ಜೋರಾಗಿ ಮಾತಾಡುತ್ತಾ ಮೆಲ್ಲಗೆ ಹಿಂದೆ ಸರಿಯಿರಿ. ಉಳಿದ ಮೊಸರನ್ನವನ್ನು ಕಾಡಿನಲ್ಲಿ ಚೆಲ್ಲುವುದು ಖಂಡಿತ ಬೇಡ, ಪ್ರಾಣಿ ಪಕ್ಷಿಗೆ ಅಂತ ಎಷ್ಟೇ ಪ್ರೀತಿಯಿಂದ ಹೇಳಿದರೂ.

ಊಟ, ಆಮೇಲೆ ಕಲ್ಲು

ಮಧ್ಯಾಹ್ನಕ್ಕೆ ಲುಕಿಂಗ್ ಗ್ಲಾಸ್ ಜಲಪಾತ ಇಟ್ಟುಕೊಳ್ಳಿ. 60 ಅಡಿ ಎತ್ತರ, 276ನೇ ಹೆದ್ದಾರಿಯ ಪಕ್ಕದಲ್ಲೇ ಇದೆ. ಮಂಡಿ ನೋವಿರುವವರು ಮೆಟ್ಟಿಲು ಇಳಿಯದೆ ಮೇಲಿನಿಂದಲೇ ನೋಡಬಹುದು. ಇನ್ನೂ ನಡೆಯುವ ಹುಮ್ಮಸ್ಸಿದ್ದರೆ ಅಲ್ಲಿಂದ ಸ್ವಲ್ಪ ಮುಂದೆ ಮೂರ್ ಕೋವ್ ಜಲಪಾತದ ದಾರಿ ಇದೆ. ಒಂದು ಕಡೆಗೆ ಒಂದು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಏರು ಕಡಿಮೆ. ಯಾವ ಜಲಪಾತದಲ್ಲೂ ನೆತ್ತಿಗೆ ಹತ್ತಬೇಡಿ, ಪಾಚಿ ಬಂಡೆಯಲ್ಲಿ ಜಾರಿ ಜನ ಸಾಯುತ್ತಲೇ ಇರುತ್ತಾರೆ.

ಇಲ್ಲಿಂದ ಹೆದ್ದಾರಿ ಏರುತ್ತಾ ಬ್ಲೂ ರಿಜ್ ಪಾರ್ಕ್‌ವೇಗೆ ಸೇರುತ್ತದೆ. ದಾರಿ ತೆರೆದಿದ್ದರೆ ಹೋಗಿ. 417ನೇ ಮೈಲಿಗಲ್ಲಿನ ಹತ್ತಿರ ಕಾರು ನಿಲ್ಲಿಸುವ ಕಟ್ಟೆಯಿಂದ ಲುಕಿಂಗ್ ಗ್ಲಾಸ್ ರಾಕ್ ಎದುರಿಗೇ ಕಾಣುತ್ತದೆ. ಸಾವನದುರ್ಗದ ಹಾಗೆ ಒಂದೇ ಬೋಳು ಬಂಡೆ, ಎತ್ತರವೂ ಹೆಚ್ಚುಕಡಿಮೆ ಅಷ್ಟೇ, ಸುಮಾರು 1,200 ಮೀಟರ್. ನೆಲದೊಳಗೆ ತಣ್ಣಗಾದ ಕಲ್ಲು, ಮೇಲಿನ ಮಣ್ಣು ಬಂಡೆ ಸವೆದ ಮೇಲೆ ಹೊರಗೆ ಬಂದದ್ದು. ಅದರ ಮೇಲೆ ನೀರೋ ಮಂಜುಗಡ್ಡೆಯೋ ಇದ್ದು ಬಿಸಿಲು ಬಿದ್ದರೆ ಕನ್ನಡಿ ಹಿಡಿದಂತೆ ಹೊಳೆಯುತ್ತದೆ, ಹೆಸರು ಬಂದದ್ದು ಅದಕ್ಕೇ.

ಪಾರ್ಕ್‌ವೇ ಉದ್ದಕ್ಕೂ ಅರ್ಥ್‌ಕ್ಯಾಶ್‌ಗಳನ್ನು ಹುಡುಕಿ ನೋಡಿ. 2004ರಲ್ಲಿ ಶುರುವಾದ ಬಗೆ ಇದು. ಡಬ್ಬಿ ಇರುವುದಿಲ್ಲ. ಎದುರಿನ ಕಲ್ಲು, ಮಣ್ಣು, ನೀರಿನ ಬಗ್ಗೆ ಪ್ರಶ್ನೆ ಕೇಳಿರುತ್ತಾರೆ, ನೋಡಿ ಉತ್ತರ ಬರೆದು ಅದನ್ನು ಮಾಡಿದವರಿಗೆ ಕಳಿಸಬೇಕು. ಬಣ್ಣ ಯಾವುದು, ಹರಳು ಎಷ್ಟು ದೊಡ್ಡದು, ಬಿರುಕು ಯಾವ ಕಡೆಗೆ, ಹೀಗೆ. ನಡೆಯಲು ಆಗದ ಅಪ್ಪನಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಕಾರಿನ ಪಕ್ಕ ಕುರ್ಚಿ ಹಾಕಿಕೊಟ್ಟು ಪ್ರಶ್ನೆಗಳನ್ನು ಕನ್ನಡದಲ್ಲಿ ಓದಿ ಹೇಳಿ. ಬಾವಿ ತೋಡಿಸಿದವರು, ಕಲ್ಲು ಕಟ್ಟಿಸಿದವರು ಕಲ್ಲಿನ ಬಗ್ಗೆ ಹೇಳುವುದನ್ನು ಹಾಗೇ ಬರೆದುಕೊಳ್ಳಿ. ಇಂಗ್ಲಿಷ್ ಮಾಡುವುದು ಮನೆಗೆ ಬಂದ ಮೇಲೂ ಆಗುತ್ತದೆ.

ಮೂರು ಗಂಟೆಗೆ ವಾಪಸ್ ಹೊರಡಿ. ಕತ್ತಲಾದ ಮೇಲೆ ಆ ತಿರುವುಗಳು ಬೇಡ.

ಮನೆಗೆ ಬಂದ ಮೇಲೆ

ಮೊದಲು ಸ್ನಾನ. ಮಂಡಿಯ ಹಿಂದೆ, ಸೊಂಟದ ಸುತ್ತ, ಕಂಕುಳು, ಕಿವಿಯ ಹಿಂದೆ, ಜಡೆಯ ಬುಡ ಎಲ್ಲ ಕಡೆ ಉಣುಗು ನೋಡಿಕೊಳ್ಳಬೇಕು. ಕಚ್ಚಿದ್ದರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಎಣ್ಣೆ, ಸುಣ್ಣ ಹಚ್ಚಬೇಡಿ. ಮುಂದಿನ ಕೆಲವು ವಾರಗಳಲ್ಲಿ ಜ್ವರವೋ ಕೆಂಪು ಗುರುತೋ ಕಂಡರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದ ವಿಷಯ ತಪ್ಪದೆ ಹೇಳಿ. ಬಟ್ಟೆಯನ್ನು ಡ್ರೈಯರ್‌ನಲ್ಲಿ ಜೋರು ಬಿಸಿಗೆ ಹಾಕಿ.

ಲಾಗ್ ಅವತ್ತೇ ಬರೆಯಿರಿ. 'ಸಿಕ್ಕಿತು, ಧನ್ಯವಾದ' ಅಂತ ಬರೆದು ಮುಗಿಸಬೇಡಿ. ಡಬ್ಬಿ ಇಟ್ಟವರು ಮಳೆ ಚಳಿಯಲ್ಲಿ ಅದನ್ನು ನೋಡಿಕೊಳ್ಳುತ್ತಿರುತ್ತಾರೆ. ಅಮ್ಮ ಏನು ಹೇಳಿದರು, ಏನು ಇಟ್ಟರು ಅಂತ ನಾಲ್ಕು ಸಾಲು ಬರೆದರೆ ಅವರಿಗೆ ಸಿಗುವ ಸಂತೋಷ ಅದೊಂದೇ. ಅಡಗಿಸಿದ ಜಾಗ ಗೊತ್ತಾಗುವಂಥ ಫೋಟೋ ಮಾತ್ರ ಹಾಕಬೇಡಿ.

ಡಬ್ಬಿಯಲ್ಲಿ ನಿಮಗೆ ಟ್ರಾವೆಲ್ ಬಗ್ ಸಿಕ್ಕಿರಬಹುದು, ನಂಬರ್ ಕೊರೆದ ಸಣ್ಣ ಲೋಹದ ಬಿಲ್ಲೆ. ಇದು ಇಟ್ಟುಕೊಳ್ಳುವ ವಸ್ತುವಲ್ಲ. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಪ್ರಯಾಣ ಮಾಡಬೇಕು, ಅದರ ದಾರಿಯೆಲ್ಲ ಆ್ಯಪ್‌ನಲ್ಲಿ ದಾಖಲಾಗುತ್ತದೆ. ದೂರ ಹೋಗಬೇಕು ಅನ್ನುವುದೇ ಅದರ ಯಜಮಾನರ ಆಸೆಯಾಗಿದ್ದರೆ ಅಮ್ಮನ ಸೂಟ್‌ಕೇಸಿಗಿಂತ ಒಳ್ಳೆಯ ಗಾಡಿ ಯಾವುದಿದೆ? ಬೆಂಗಳೂರಿನ ಸುತ್ತಮುತ್ತ ಡಬ್ಬಿಗಳಿವೆ, ಆದರೆ ಇಲ್ಲಿಗಿಂತ ತುಂಬ ಕಡಿಮೆ. ಅವರು ಹೊರಡುವ ಮುಂಚೆಯೇ ನೀವು ಇಲ್ಲಿ ಕೂತು ಆರಿಸಿ. ಗಾತ್ರ ಸ್ಮಾಲ್ ಅಥವಾ ಅದಕ್ಕಿಂತ ದೊಡ್ಡದಿರಲಿ, ಮೈಕ್ರೋದಲ್ಲಿ ಬಿಲ್ಲೆ ಹಿಡಿಸುವುದಿಲ್ಲ. ಇತ್ತೀಚೆಗೆ ಯಾರಾದರೂ ಕಂಡಿರಬೇಕು. ಜೊತೆಗೆ ಹೋಗಲು ತಮ್ಮನನ್ನೋ ಅಕ್ಕನ ಮಗಳನ್ನೋ ಒಪ್ಪಿಸಿ, ಅವರ ಫೋನಿನಲ್ಲಿ ಆ್ಯಪ್ ಹಾಕಿಸಿ. ಅಲ್ಲಿ ಡಬ್ಬಿ ಇಲ್ಲದಿದ್ದರೆ ಬಿಲ್ಲೆಯನ್ನು ಖಾಲಿ ಜಾಗದಲ್ಲಿ ಬಿಟ್ಟು ಬರುವುದು ಬೇಡ, ಇನ್ನೊಂದು ಡಬ್ಬಿ ಸಿಗುವವರೆಗೆ ಅಮ್ಮನ ಹತ್ತಿರವೇ ಇರಲಿ. ಅದರ ಯಜಮಾನರಿಗೆ ಆ್ಯಪ್‌ನಲ್ಲಿ ಒಂದು ಸಾಲು ಬರೆದು ತಿಳಿಸಿದರೆ ಆಯಿತು.